ಹಳ್ಳದ ಇಳಿಜಾರು ಎಷ್ಟು?

ಮಕ್ಕಳೇ, ದೊಡ್ಡ ಮಳೆ ಬಂದಾಗ ನಿಂಬರ್ಗಾ ಸುತ್ತಿನ ಹಳ್ಳಗಳ ನೀರು ಯಾವ ಬಣ್ಣಕ್ಕೆ ತಿರುಗುತ್ತದೆ, ನೋಡಿದ್ದೀರಾ? ಅದು ಹೊಲದ ಮಣ್ಣಿನ ಬಣ್ಣ. ಇಳಿಜಾರು ಹೆಚ್ಚಾದಂತೆ ನೀರಿನ ವೇಗ ಹೆಚ್ಚುತ್ತದೆ, ಕೊಚ್ಚಿಹೋಗುವ ಮಣ್ಣೂ ಹೆಚ್ಚುತ್ತದೆ. ಇದನ್ನು ತಡೆಯಲು ಹಳ್ಳಕ್ಕೆ ಅಡ್ಡಲಾಗಿ ಕಲ್ಲುಗಳನ್ನು ಎಲ್ಲಿ ಜೋಡಿಸಬೇಕು? ಅದಕ್ಕೆ ಇಳಿಜಾರಿನ ಲೆಕ್ಕ ಬೇಕು.

ಮೇಲಿನ ತುದಿಯ ಎತ್ತರದಲ್ಲಿ ಕೆಳಗಿನ ತುದಿಯ ಎತ್ತರವನ್ನು ಕಳೆಯಿರಿ. ಉಳಿದದ್ದನ್ನು ಹಳ್ಳದ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ. ಇದೇ ಶೇಕಡಾ ಇಳಿಜಾರು.

ಎತ್ತರವನ್ನು ಅಳೆದವರು ಯಾರು? 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ವಾಲಿ ಒಂದೇ ನೆಲದ ಚಿತ್ರ ತೆಗೆದವು. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವಂತೆ, ಆ ಎರಡು ಚಿತ್ರಗಳಿಂದ ನೆಲದ ಎತ್ತರ ಸಿಕ್ಕಿತು. ಅದನ್ನು ಸುಮಾರು 30 ಮೀಟರ್ ಅಗಲದ ಚೌಕಗಳಾಗಿ ಜೋಡಿಸಿದ್ದಾರೆ. ಒಂದೊಂದು ಚೌಕಕ್ಕೆ ಒಂದೊಂದು ಎತ್ತರ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಈ ಚೌಕಗಳ ಮೇಲೆ ಹಳ್ಳವನ್ನು ಗೆರೆಯಾಗಿ ಎಳೆದರೆ, ಗೆರೆಯ ಉದ್ದವೂ ತುದಿಗಳ ಎತ್ತರವೂ ದೊರೆಯುತ್ತವೆ.

3 ಕಿ.ಮೀ. ಉದ್ದದ ಒಂದು ಹಳ್ಳವನ್ನು ಊಹಿಸಿಕೊಳ್ಳಿ. ಅದು 470 ಮೀಟರ್ ಎತ್ತರದಿಂದ 440 ಮೀಟರಿಗೆ ಇಳಿಯುತ್ತದೆ. 30 ಭಾಗಿಸು 3000, ಅಂದರೆ ಶೇ. 1. ಇಷ್ಟಕ್ಕೇ ನಿಲ್ಲಿಸಿದರೆ ಮೋಸಹೋದಿರಿ! ಗೆರೆಯನ್ನು ಕಿಲೋಮೀಟರಿಗೊಂದರಂತೆ ಮೂರು ತುಂಡು ಮಾಡಿ. ಎತ್ತರಗಳು 470, 450, 443, 440 ಎಂದು ಬಂದವೆನ್ನಿ. ಮೊದಲ ತುಂಡಿನ ಇಳಿಜಾರು ಶೇ. 2, ಎರಡನೆಯದು 0.7, ಕೊನೆಯದು 0.3. ಮಣ್ಣು ಹೆಚ್ಚು ಕೊರೆಯುವುದು ಮೊದಲ ಕಿಲೋಮೀಟರಿನಲ್ಲಿ. ಕಲ್ಲಿನ ತಡೆಗಳು ಅಲ್ಲಿ ಹತ್ತಿರ ಹತ್ತಿರ ಇರಬೇಕು.

ಹಾಗೆಂದು ಹತ್ತು ಹತ್ತು ಮೀಟರಿಗೆ ತುಂಡರಿಸಬೇಡಿ. ಚೌಕವೇ 30 ಮೀಟರ್ ಇದೆ. ಎತ್ತರದಲ್ಲೂ ಕೆಲವು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ಕೊನೆಯ ತುಂಡಿನ ಆ 3 ಮೀಟರನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ಇನ್ನೊಂದು ಎಚ್ಚರ. ಒಮ್ಮೆ ನಾನು ಉದ್ದವನ್ನು ಮೀಟರಿಗೆ ಬದಲಿಸದೆ ಅಕ್ಷಾಂಶ, ರೇಖಾಂಶದ ಡಿಗ್ರಿಯಲ್ಲೇ ಬಿಟ್ಟಿದ್ದೆ. ಸಣ್ಣ ಹಳ್ಳದ ಇಳಿಜಾರು ಶೇಕಡಾ ಒಂದು ಲಕ್ಷ ದಾಟಿತ್ತು!

ದೊಡ್ಡ ನದಿಗಳ ಲೆಕ್ಕವೂ ಹೀಗೆಯೇ. ಆಳಂದ ಭಾಗದ ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ರಾಯಚೂರು ಬಳಿ ಕೃಷ್ಣೆಯನ್ನು ಸೇರುವವರೆಗೆ ಅದರ ಉದ್ದ 861 ಕಿ.ಮೀ., ಇಳಿತ ಸುಮಾರು 600 ಮೀಟರ್. ಅಂದರೆ ಕಿಲೋಮೀಟರಿಗೆ ಸರಾಸರಿ 70 ಸೆಂ.ಮೀ. ಆದರೆ ಬೆಟ್ಟದ ಬುಡದವರೆಗಿನ ಮೊದಲ ಭಾಗ ಕಡಿದು, ಮುಂದಿನದು ಬಹುಪಾಲು ಬಯಲು.

ಮಾಡಿ ನೋಡಿ: ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ಗುಳ್ಳೆ ಇರದಂತೆ ನೀರು ತುಂಬಿ. ಶಾಲೆಯ ಬಳಿಯ ಇಳಿಜಾರಿನಲ್ಲಿ 20 ಮೀಟರ್ ಅಂತರಕ್ಕೆ ಎರಡು ಕೋಲು ನೆಟ್ಟು, ಪೈಪಿನ ಎರಡೂ ತುದಿಗಳನ್ನು ಅವಕ್ಕೆ ಹಿಡಿಯಿರಿ. ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದೊಂದು ಕೋಲಿನಲ್ಲೂ ನೆಲದಿಂದ ನೀರಿನವರೆಗೆ ಅಳೆಯಿರಿ. ವ್ಯತ್ಯಾಸ 40 ಸೆಂ.ಮೀ. ಬಂದರೆ ಇಳಿಜಾರು ಶೇಕಡಾ ಎಷ್ಟು?