ರಾತ್ರಿಯ ಓದಿಗೆ ಮುಂದಿನ ಸರಣಿ ಯಾವುದು?

‘ಹ್ಯಾರಿ ಪಾಟರ್’ನ ಏಳನೆಯ ಪುಸ್ತಕ ಮುಗಿದ ಮಾರನೆಯ ರಾತ್ರಿಯೇ ಮಕ್ಕಳ ಪ್ರಶ್ನೆ ಶುರುವಾಗುತ್ತದೆ: ‘ಅಮ್ಮಾ, ಇನ್ನು ಯಾವುದು?’ ನಮ್ಮ ಮನೆಯಲ್ಲಿ ಮಗಳಿಗೂ ಮಗನಿಗೂ ಮೂರು ವರ್ಷದ ಅಂತರ. ಊಟವಾದ ಮೇಲೆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದುವುದು ರೂಢಿ. ಫ್ಯಾಂಟಸಿ ಸರಣಿಯೊಂದನ್ನು ಹಿಡಿದರೆ ತಿಂಗಳುಗಟ್ಟಲೆ ಅದರೊಂದಿಗೇ ಇರಬೇಕು. ಹಾಗಾಗಿ ಆಯ್ಕೆಗೆ ಒಂದಿಷ್ಟು ಸಮಯ ಕೊಡುತ್ತೇನೆ. ಬಹುಮಾನಗಳ ಪಟ್ಟಿ, ರಕ್ಷಾಪುಟದ ಮೇಲಿನ ವಯಸ್ಸಿನ ಗುರುತು ಇವೆಲ್ಲಕ್ಕಿಂತ ಕಿವಿಯ ತೀರ್ಪನ್ನೇ ನಾನು ಹೆಚ್ಚು ನಂಬುವುದು.

1. ‘ಅದೇ ಥರದ್ದು ಬೇಕು’ ಎಂದರೆ ಯಾವ ಥರದ್ದು ಎಂದು ವಿಚಾರಿಸಿ.

ಒಂದೇ ಪುಸ್ತಕದಲ್ಲಿ ಇಬ್ಬರು ಮಕ್ಕಳು ಮೆಚ್ಚುವುದು ಬೇರೆ ಬೇರೆಯನ್ನೇ. ಮಗಳಿಗೆ ಹಿಡಿಸಿದ್ದು ಮೂವರು ಗೆಳೆಯರ ಜಗಳ, ರಾಜಿ. ಮಗನಿಗೆ ಬೇಕಾದದ್ದು ಗೂಬೆ, ಡ್ರ್ಯಾಗನ್, ಹಿಪೊಗ್ರಿಫ್. ಇನ್ನೊಂದು ಮಾಂತ್ರಿಕರ ಶಾಲೆಯ ಕಥೆ ತಂದಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. ಲಾಯ್ಡ್ ಅಲೆಕ್ಸಾಂಡರ್ ಬರೆದ ‘ಪ್ರಿಡೇನ್’ ಸರಣಿ ಇಬ್ಬರಿಗೂ ಒಪ್ಪಿತು. ಅದರಲ್ಲಿ ಭವಿಷ್ಯ ಹೇಳುವ ಹಂದಿಯಿದೆ, ಅದನ್ನು ನೋಡಿಕೊಳ್ಳುವ ಟಾರನ್ ಎಂಬ ಹುಡುಗನಿದ್ದಾನೆ, ಅವನೊಡನೆ ಸದಾ ವಾದ ಹೂಡುವ ರಾಜಕುಮಾರಿಯೂ ಇದ್ದಾಳೆ.

2. ಕೊಳ್ಳುವ ಮೊದಲು ಎರಡು ಪುಟ ಗಟ್ಟಿಯಾಗಿ ಓದಿ ನೋಡಿ.

ಕಣ್ಣಿಗೆ ಚೆಂದ ಕಂಡ ವಾಕ್ಯ ಬಾಯಲ್ಲಿ ತೊಡರಬಹುದು. ಟೋಲ್ಕಿನ್ ‘ದಿ ಹಾಬಿಟ್’ ಕಥೆಯನ್ನು ತನ್ನ ಮಕ್ಕಳಿಗೆ ಓದಿ ಹೇಳಿದವನು. 1937ರಲ್ಲಿ ಅಚ್ಚಾದ ಆ ಪುಸ್ತಕದ ನಿರೂಪಕ ಕೇಳುವವರ ಕಡೆ ತಿರುಗಿ ಮಾತಾಡುತ್ತಾನೆ, ನಡುನಡುವೆ ಹಾಡುಗಳೂ ಬರುತ್ತವೆ. ಅವನದೇ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಆ ಸಲಿಗೆಯಿಲ್ಲ. ಬೆಟ್ಟ, ಕಾಡು, ವಂಶಾವಳಿಗಳ ವರ್ಣನೆ ಬರುವಾಗ ಚಿಕ್ಕವರು ನಿದ್ದೆಹೋಗುತ್ತಾರೆ. ‘ಪರ್ಸಿ ಜಾಕ್ಸನ್’ ಕೂಡ ರಿಕ್ ರಿಯೊರ್ಡನ್ ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಗ್ರೀಕ್ ಪುರಾಣಗಳಿಂದ ಹುಟ್ಟಿದ್ದು. ಅಲ್ಲಿ ಹುಡುಗನೇ ‘ನಾನು’ ಎಂದು ಕಥೆ ಹೇಳುವುದರಿಂದ ಓದುವವರಿಗೆ ದನಿ ತಾನಾಗಿ ಬಂದುಬಿಡುತ್ತದೆ. ಉರ್ಸುಲಾ ಲೆ ಗ್ವಿನ್‌ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ಗದ್ಯ ನನಗೆ ಇವೆಲ್ಲಕ್ಕಿಂತ ಇಷ್ಟ. ಆದರೆ ಅದರಲ್ಲಿ ಸಂಭಾಷಣೆ ಕಡಿಮೆ, ನಡೆ ನಿಧಾನ. ಹತ್ತು ದಾಟಿದ ಮಕ್ಕಳಿಗೆ ಅದನ್ನು ಕಾದಿರಿಸಿ.

3. ಮೊದಲ ಪುಸ್ತಕ ಹಿಡಿಯುವ ಮುಂಚೆ ಕೊನೆಯದನ್ನು ತಿಳಿದುಕೊಳ್ಳಿ.

ಸರಣಿಯೊಂದು ಆರಂಭವಾದ ವಯಸ್ಸಿನಲ್ಲೇ ಮುಗಿಯುವುದಿಲ್ಲ. 1997ರ ಮೊದಲ ಹ್ಯಾರಿ ಪಾಟರ್‌ಗಿಂತ 2003ರ ಐದನೆಯದು ಮೂರು ಪಟ್ಟಿಗೂ ಹೆಚ್ಚು ಉದ್ದ. ನಾಲ್ಕನೆಯದರ ಕೊನೆಯಲ್ಲೇ ಒಬ್ಬ ವಿದ್ಯಾರ್ಥಿಯ ಕೊಲೆಯಾಗುತ್ತದೆ. ಅರ್ಥ್‌ಸೀಯ ಮೊದಲ ಮೂರು ಪುಸ್ತಕಗಳು 1968ರಿಂದ 1972ರ ನಡುವೆ ಬಂದವು. 1990ರ ನಾಲ್ಕನೆಯದು, ‘ತೆಹಾನು’, ದೊಡ್ಡವರ ಓದು. ಮಗುವೊಂದರ ಮೇಲೆ ನಡೆದ ಘೋರ ಹಿಂಸೆ ಅದರ ನಡುವಿದೆ. ಮೂರಕ್ಕೆ ನಿಲ್ಲಿಸಿ, ಮಕ್ಕಳು ಬೆಳೆದ ಮೇಲೆ ತಾವೇ ಓದಿಕೊಳ್ಳಲಿ. ಸಾವು, ಅಗಲಿಕೆ ಇರಲೇಬಾರದೆಂದು ನಾನು ಹೇಳುವುದಿಲ್ಲ. ಅಂಥ ಅಧ್ಯಾಯವನ್ನು ಶನಿವಾರಕ್ಕೆ ಇಟ್ಟುಕೊಳ್ಳುತ್ತೇನೆ. ಮಾರನೆಯ ಬೆಳಿಗ್ಗೆ ಶಾಲೆಯ ಅವಸರವಿಲ್ಲದಿದ್ದರೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು.

4. ‘ನಾರ್ನಿಯಾ’ವನ್ನು ಪ್ರಕಟವಾದ ಕ್ರಮದಲ್ಲೇ ಓದಿ.

ಈಗಿನ ಮುದ್ರಣಗಳಲ್ಲಿ ‘ದಿ ಮೆಜಿಶಿಯನ್ಸ್ ನೆಫ್ಯೂ’ ಪುಸ್ತಕಕ್ಕೆ ಒಂದನೆಯ ಸಂಖ್ಯೆ ಇರುತ್ತದೆ. ಅದು ಬಂದದ್ದು 1955ರಲ್ಲಿ, ಆರನೆಯದಾಗಿ. 1950ರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ನಲ್ಲಿ ಲೂಸಿ ಬೀರುವಿನೊಳಗೆ ಕೋಟುಗಳನ್ನು ಸರಿಸುತ್ತ ಹೋಗಿ ಹಿಮದ ಮೇಲೆ ಕಾಲಿಡುತ್ತಾಳೆ. ಕಾಡಿನ ನಡುವೆ ದೀಪದ ಕಂಬವೊಂದು ನಿಂತಿರುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಐದು ಪುಸ್ತಕ ಕಾದ ಮೇಲೆ ಉತ್ತರ ಸಿಕ್ಕಾಗ ಆಗುವ ಖುಷಿಯನ್ನು ಮೊದಲೇ ಖರ್ಚು ಮಾಡಬೇಡಿ.

5. ಮಕ್ಕಳು ಬಾಯಿ ಹಾಕಲು ಜಾಗವಿರುವ ಪುಸ್ತಕವೇ ಉತ್ತಮ.

‘ದಿ ಹಾಬಿಟ್’ನ ಐದನೆಯ ಅಧ್ಯಾಯದಲ್ಲಿ ಕತ್ತಲ ಗುಹೆಯ ಕೊಳದ ಬಳಿ ಬಿಲ್ಬೋ ಮತ್ತು ಗಾಲಮ್ ಒಗಟಿನ ಪಂದ್ಯ ಕಟ್ಟುತ್ತಾರೆ. ಪ್ರತಿ ಒಗಟು ಬಂದಾಗಲೂ ನಾನು ಓದು ನಿಲ್ಲಿಸಿ, ಪುಟವನ್ನು ಅಂಗೈಯಿಂದ ಮುಚ್ಚಿಕೊಂಡೆ. ‘ಹಲ್ಲು’ ಎಂದು ಮಗ ಕೂಗಿದ. ಮೊಟ್ಟೆಯ ಒಗಟು ಮುಗಿಯುವಷ್ಟರಲ್ಲಿ ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ‘ಇದಕ್ಕೆ ನಮ್ಮಲ್ಲೂ ಒಂದಿದೆ ಕಣ್ರೋ, ಕೇಳಿ’ ಎಂದರು. ಆಮೇಲೆ ತೆಂಗಿನಕಾಯಿ, ಈರುಳ್ಳಿ, ನೆರಳು ಎಲ್ಲದರ ಮೇಲೂ ಒಗಟುಗಳು ಬಂದವು. ಆ ರಾತ್ರಿ ಗಾಲಮ್‌ನ ಕಥೆ ಮುಂದಕ್ಕೆ ಸಾಗಲಿಲ್ಲ. ಈ ಪುಸ್ತಕದ ಒಂದೊಂದು ಅಧ್ಯಾಯಕ್ಕೆ ಹೇಗೂ ಅರ್ಧ ಗಂಟೆಗಿಂತ ಹೆಚ್ಚು ಬೇಕು. ಎರಡು ರಾತ್ರಿಗೆ ಹಂಚಿಕೊಂಡರೆ ಇಂಥದ್ದಕ್ಕೆಲ್ಲ ಬಿಡುವು ಸಿಗುತ್ತದೆ.

6. ಇಂಗ್ಲಿಷ್ ಪುಸ್ತಕವನ್ನು ಕನ್ನಡದ ಜೊತೆಯಲ್ಲೇ ಓದಿ.

ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಪದ್ಯ ವಾಚಿಸಿದರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹೊಸಹಳ್ಳಿಯಂಥ ಊರುಗಳು ಇಂದಿಗೂ ಉಳಿಸಿಕೊಂಡಿರುವ ಆ ಪದ್ಧತಿಯೇ ನನಗೆ ದಾರಿ ತೋರಿಸಿತು. ಪದ ಪದಕ್ಕೂ ನಿಂತು ಅರ್ಥ ಹೇಳಿದರೆ ಕಥೆ ಸಾಯುತ್ತದೆ. ಒಂದು ಸನ್ನಿವೇಶ ಪೂರ್ತಿ ಓದಿ, ಆಮೇಲೆ ನಾಲ್ಕು ಮಾತಿನಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಈಗ ಮಗಳೇ ತಮ್ಮನಿಗೆ ವ್ಯಾಖ್ಯಾನ ಮಾಡುತ್ತಾಳೆ. ನಡುವೆ ಒಂದು ವಾರ ಪೂರ್ತಿ ಕನ್ನಡಕ್ಕೇ ಮೀಸಲಿಡುವುದೂ ಉಂಟು. ಆಲಿಸಳ ಕಥೆಗೆ ನಾ. ಕಸ್ತೂರಿಯವರು ಕೊಟ್ಟ ಕನ್ನಡ ರೂಪ ‘ಪಾತಾಳದಲ್ಲಿ ಪಾಪಚ್ಚಿ’, ಹಳೆಯ ‘ಚಂದಮಾಮ’ದ ಬೇತಾಳನ ಕಥೆಗಳು, ಇವನ್ನು ಕೇಳುವಾಗ ಚಿಕ್ಕವನ ಕಣ್ಣು ಇನ್ನಷ್ಟು ಅರಳುತ್ತದೆ. ಮಕ್ಕಳಿಗೆಂದೇ ಐದಾರು ಸಂಪುಟ ನಡೆಯುವ ಮಾಯಾಲೋಕವೊಂದನ್ನು ಕನ್ನಡದಲ್ಲಿ ಯಾರಾದರೂ ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ.

7. ನಾಯಕರ ಮುಖ ಬದಲಾಗುತ್ತಿರಲಿ.

ಸಾಲಾಗಿ ಮೂರು ಸರಣಿ ಇಂಗ್ಲೆಂಡಿನ ಮಕ್ಕಳದ್ದೇ ಆದರೆ ಸಾಹಸವೆಲ್ಲ ಅಲ್ಲಿಯವರಿಗೇ ಎಂದು ನಮ್ಮ ಮಕ್ಕಳು ತಿಳಿದಾರು. ಅರ್ಥ್‌ಸೀಯ ಗೆಡ್ ಕಂದುಬಣ್ಣದವನು, ಲೆ ಗ್ವಿನ್ ಬೇಕೆಂದೇ ಹಾಗೆ ಬರೆದರು. ಚಿತ್ರಾ ಬ್ಯಾನರ್ಜಿ ದಿವಾಕರುಣಿಯವರ ‘ದಿ ಕಾಂಚ್ ಬೇರರ್’ (2003) ಕೋಲ್ಕತ್ತದ ಬಡ ಹುಡುಗ ಆನಂದನ ಕಥೆ. ಅವನು ಮಂತ್ರಶಕ್ತಿಯ ಶಂಖವನ್ನು ಹಿಮಾಲಯಕ್ಕೆ ತಲುಪಿಸಬೇಕು. ರೋಶನಿ ಚೋಕ್ಸಿಯವರ ‘ಅರು ಶಾ’ ಸರಣಿಯಲ್ಲಿ ಪಾಂಡವರು ಈ ಕಾಲದ ಹುಡುಗಿಯರಾಗಿ ಹುಟ್ಟಿದ್ದಾರೆ. ‘ಹಾಗಾದರೆ ಭೀಮ ಯಾರು?’ ಎಂದು ಮಗ ಮೊದಲ ದಿನವೇ ವಿಚಾರಣೆ ಶುರು ಮಾಡಿದ.

8. ಹಿಡಿಸದಿದ್ದರೆ ಬಿಡಿ.

ನಾಲ್ಕು ರಾತ್ರಿ ಕಳೆದರೂ ‘ಇನ್ನೊಂದು ಪುಟ’ ಎಂದು ಯಾರೂ ಗೋಗರೆಯದಿದ್ದರೆ ಪುಸ್ತಕ ಕಪಾಟಿಗೆ ಹೋಗುತ್ತದೆ. ಓದುವ ನನಗೇ ಬೇಸರವಾದರೂ ಅಷ್ಟೇ, ಆ ಬೇಸರ ದನಿಯಲ್ಲಿ ಕೇಳಿಸಿಬಿಡುತ್ತದೆ.

9. ಎಲ್ಲ ಸಂಪುಟಗಳೂ ಸಿಗುತ್ತವೆಯೇ ನೋಡಿಕೊಳ್ಳಿ.

ಅಂಗಡಿಯಲ್ಲಿ ಒಂದನೆಯದು, ಮೂರನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಗ್ರಂಥಾಲಯದಲ್ಲಾದರೆ ಬೇಕಾದದ್ದನ್ನೇ ಬೇರೆ ಯಾರೋ ಒಯ್ದಿರುತ್ತಾರೆ. ಮೊದಲನೆಯದರ ಅರ್ಧ ದಾಟುವ ಹೊತ್ತಿಗೆ ಎರಡನೆಯದು ಮನೆಯಲ್ಲಿರಲಿ. ಲೇಖಕರು ಇನ್ನೂ ಬರೆಯುತ್ತಿರುವ ಸರಣಿಯಾದರೆ, ಮುಂದಿನದಕ್ಕೆ ಎಷ್ಟು ಕಾಲ ಕಾಯಬೇಕಾದೀತು ಎಂಬುದನ್ನು ಮಕ್ಕಳಿಗೆ ಮೊದಲ ರಾತ್ರಿಯೇ ತಿಳಿಸಿಬಿಡಿ.