ಬೇಸಿಗೆಯಲ್ಲಿ ಊರ ಲಿಂಬೆ ತೋಟ



ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರಕಿತು. ಶ್ರಮದಾನದಿಂದ ಊರ ಬಯಲಿನಲ್ಲಿ ಲಿಂಬೆ ಸಸಿ ನೆಡುವುದು ಸುಲಭ; ಚೈತ್ರ-ವೈಶಾಖ ದಾಟಿಸುವುದೇ ಕಷ್ಟ. ಎಲ್ಲರ ತೋಟ ಯಾರದೂ ಅಲ್ಲವೆಂದಾಗಬಾರದು. ಮನೆಗೊಂದು ಪಾಳಿ ಗೊತ್ತುಮಾಡಿ ಚಾವಡಿಯಲ್ಲಿ ಬರೆದು ಹಚ್ಚಿರಿ.

1. ಎರೆಭೂಮಿ ಬಿರುಕು ಬಿಟ್ಟರೆ ಒಳಗಿನ ಹಸಿ ಆರುತ್ತದೆ; ಎಳೆಯ ಬೇರು ಹರಿಯುತ್ತವೆ. ಮೇಲ್ಮಣ್ಣನ್ನು ಹಗುರಾಗಿ ಕೆದರಿ ಬಿರುಕು ಮುಚ್ಚಿರಿ.

2. ಕಬ್ಬಿನ ರವದಿಯನ್ನು ನಾಲ್ಕು ಬೆರಳು ದಪ್ಪ ಹೊದಿಸಿರಿ, ಬೊಡ್ಡೆಗೆ ತಾಗಿಸಬೇಡಿರಿ.

3. ಬೊಡ್ಡೆಗೆ ನೀರು ನಿಂತರೆ ಅಂಟು ಸೋರುವ ರೋಗ ಬರುತ್ತದೆ. ಗೇಣು ದೂರ ಬಿಟ್ಟು ಉಂಗುರದಂತೆ ಪಾತಿ ಮಾಡಿ, ಸಂಜೆ ಅದರಲ್ಲಿ ನೀರುಣಿಸಿರಿ.

ಸಸಿ ಫಲಕ್ಕೆ ಬರಲು ಮೂರು-ನಾಲ್ಕು ವರುಷ ಬೇಕು. ಒಣಗಲು ಕೆಲವು ದಿನ ಸಾಕು. ಪಾಳಿಯ ದಿನ ಪರಊರಿಗೆ ಹೋಗಬೇಕಾದರೆ ನೆರೆಯವರಿಗೆ ಕೊಡ ಒಪ್ಪಿಸಿ ಹೋಗಿರಿ.