ಜೀಪಿನ ರೇಡಿಯೋದಲ್ಲಿ ಕರಕರ ಸದ್ದು: ಕಾರಣ ಮತ್ತು ಪರಿಹಾರ

ಅಂಗಳದಲ್ಲಿ ಅಡಿಕೆ, ಕಣದಲ್ಲಿ ಕಾಫಿ ಹರಡಿರುವಾಗ ಆಕಾಶವಾಣಿಯ ಹವಾಮಾನ ವಾರ್ತೆಗೆ ಕಿವಿಗೊಡದ ಬೆಳೆಗಾರರು ವಿರಳ. ಹೆಬ್ಬಾಳದ ಜಿ.ಕೆ.ವಿ.ಕೆ. ಕೃಷಿ ಮೇಳಕ್ಕೆ ಹಳೆಯ ಪೆಟ್ರೋಲ್ ಜೀಪಿನಲ್ಲಿ ಹೊರಟಿದ್ದ ನಮಗೆ ಯಶವಂತಪುರ ಮುಟ್ಟುವವರೆಗೂ ಕರಕರ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಇಂಜಿನ್ ನಿಲ್ಲಿಸಿದೊಡನೆ ಮಾತು ಸ್ಪಷ್ಟವಾಯಿತು. ಅಷ್ಟರಲ್ಲಿ ವಾರ್ತೆ ಮುಗಿದಿತ್ತು!

ಇಂಜಿನ್ನಿನೊಡನೆ ಸದ್ದೂ ನಿಂತರೆ ದೋಷ ರೇಡಿಯೋದ್ದಲ್ಲ, ವಾಹನದ್ದು. ಪ್ಲಗ್ಗಿನಲ್ಲಿ ಕಿಡಿ ಹಾರಲು ಹತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಬೇಕು. ಪ್ರತಿ ಕಿಡಿಯೂ ಒಂದು ಪುಟ್ಟ ಪ್ರಸಾರ ಕೇಂದ್ರವೇ ಸರಿ. ಪ್ಲಗ್ ವಯರೇ ಅದರ ಏರಿಯಲ್. ಮೀಡಿಯಂ ವೇವ್ ಪ್ರಸಾರಕ್ಕೆ ಇದರ ಕಾಟ ಹೆಚ್ಚು, ಎಫ್.ಎಂ.ಗೆ ಕಡಿಮೆ.

ಮೊದಲು ಮೂಲವನ್ನು ಗುರುತಿಸಬೇಕು. ಹೈಟೆನ್ಷನ್ ತಂತಿಗಳಿಂದ ದೂರ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ನಿನ ವೇಗ ಹೆಚ್ಚಿಸಿರಿ. ಟಕಟಕ ಸದ್ದು ವೇಗದೊಡನೆ ಚುರುಕಾಗಿ, ಕೀಲಿ ತಿರುಗಿಸಿದ ಕ್ಷಣವೇ ನಿಂತರೆ ಅದು ಕಿಡಿಯ ಸದ್ದು. ಕುಂಯ್ ಎಂಬ ರಾಗವಾಗಿದ್ದು, ಇಂಜಿನ್ ನಿಧಾನವಾಗುತ್ತ ತಾನೂ ಇಳಿದು ನಿಂತರೆ ಅದು ಡೈನಮೋದ್ದು. (ಈ ಪರೀಕ್ಷೆಗೆ ರೇಡಿಯೋವಿಗೆ ಬ್ಯಾಟರಿಯಿಂದಲೇ ನೇರ ವಿದ್ಯುತ್ ಬರುತ್ತಿರಬೇಕು.) ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಅಲ್ಲಿ ಆಲ್ಟರ್ನೇಟರ್, ವೈಪರ್ ಮೋಟಾರುಗಳನ್ನು ಶಂಕಿಸಬೇಕು.

ಕಿಡಿಯ ಸದ್ದಿಗೆ ಐದು ಸಾವಿರ ಓಮ್‌ನ ಸಪ್ರೆಸರ್ ಕ್ಯಾಪನ್ನಾಗಲಿ, ರೆಸಿಸ್ಟರ್ ಪ್ಲಗ್ಗನ್ನಾಗಲಿ ಹಾಕಿಸಬಹುದು. ಪ್ಲಗ್ಗಿನ ಸಂಕೇತದಲ್ಲಿ ಸಾಮಾನ್ಯವಾಗಿ 'ಆರ್' ಅಕ್ಷರವಿರುತ್ತದೆ. ಎರಡನ್ನೂ ಕೂಡಿಸಿದರೆ ಕಿಡಿ ಸೊರಗಿ, ಮಳೆಗಾಲದ ಮುಂಜಾನೆ ಗಾಡಿ ಹೊರಡದೆ ಹೋದೀತು. ಬಿರುಕು ಬಿಟ್ಟ ವಯರುಗಳನ್ನು ಬದಲಿಸಿರಿ. ರಾತ್ರಿ ಬಾನೆಟ್ ತೆರೆದು ನೋಡಿದರೆ ಸೋರುವ ನೀಲಿ ಕಿಡಿ ಕಾಣುತ್ತದೆ. ಮುಟ್ಟಬೇಡಿ.

ಮುಂದಿನದು ಕಂಡೆನ್ಸರ್. ಎಲ್ಲರೂ ಎಡವುವುದು ಇಲ್ಲಿಯೇ. ಅರ್ಧದಿಂದ ಒಂದು ಮೈಕ್ರೋಫ್ಯಾರಡ್‌ನದು ಸಾಕು. ಅದನ್ನು ಕಾಯಿಲ್‌ಗೆ ಕೀಲಿಯಿಂದ ವಿದ್ಯುತ್ ಬರುವ ತುದಿಗೆ ಜೋಡಿಸಬೇಕೇ ಹೊರತು ಪಾಯಿಂಟಿನ ಕಡೆಯ ತುದಿಗಲ್ಲ. ಅಲ್ಲಿಗೆ ಜೋಡಿಸಿದರೆ ಇಂಜಿನ್ ತಡವರಿಸುತ್ತದೆ. ಡೈನಮೋದಲ್ಲಿ 'ಡಿ' ತುದಿಗೆ ಮಾತ್ರ. 'ಎಫ್' ತುದಿಗೆ ಹಾಕಿದರೆ ಕಟೌಟಿನ ರೆಗ್ಯುಲೇಟರ್ ಪಾಯಿಂಟುಗಳು ಸುಡುತ್ತವೆ. ಕೆಲಸಕ್ಕೆ ಮೊದಲು ಬ್ಯಾಟರಿಯ ಅರ್ತ್ ವಯರು ಕಳಚಿಡಿ.

ಇಷ್ಟಕ್ಕೂ ಖರ್ಚಿಲ್ಲದ ಮದ್ದು ಅರ್ತಿಂಗೇ. ಇಂಜಿನ್, ಬಾನೆಟ್, ಏರಿಯಲ್ಲಿನ ಬುಡ, ಇವು ಬಾಡಿಗೆ ಕೂಡುವಲ್ಲಿ ಬಣ್ಣ ಮತ್ತು ತುಕ್ಕನ್ನು ಹೊಳೆಯುವಂತೆ ಕೆರೆದು, ಹೆಣೆದ ತಾಮ್ರದ ಪಟ್ಟಿಯಿಂದ ಬಿಗಿಯಬೇಕು. ಮಲೆನಾಡಿನ ತೇವದಲ್ಲಿ ಇದನ್ನು ವರ್ಷಕ್ಕೊಮ್ಮೆಯಾದರೂ ನೋಡುವುದು ಲೇಸು. ರೇಡಿಯೋದ ವಯರನ್ನು ಬ್ಯಾಟರಿಯಿಂದಲೇ ಫ್ಯೂಸ್ ಸಹಿತ ಎಳೆದು, ಪ್ಲಗ್ ವಯರುಗಳಿಂದ ದೂರವಿಡಿ.

ಇಷ್ಟಾದರೂ ಸದ್ದು ಉಳಿದರೆ ಮೊಬೈಲ್ ಚಾರ್ಜರನ್ನು ಕಿತ್ತು ನೋಡಿ, ಹೊಸದಾಗಿ ಹಾಕಿಸಿದ ಎಲ್‌.ಇ.ಡಿ. ದೀಪಗಳನ್ನು ಆರಿಸಿ ನೋಡಿ.